ಟಾರ್ಚಿನಿಂದ ಸಿಂಕ್ರೊಟ್ರಾನ್‌ವರೆಗೆ: ಶಾಸನದ ಕಲ್ಲು ಬೆಳಕಿನ ವಿಜ್ಞಾನಕ್ಕೆ ಕೇಳುವ ಪ್ರಶ್ನೆಗಳು

ಹೋದ ವರ್ಷ ಒಂದು ಕಾಲೇಜಿನಲ್ಲಿ ಶಾಸನಗಳ ಬಗ್ಗೆ ಮಾತಾಡಲು ಕರೆದಿದ್ದರು. ಮಾತು ಮುಗಿದ ಮೇಲೆ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗ ಹತ್ತಿರ ಬಂದು, "ಸರ್, ನಾನು ಫೋಟಾನಿಕ್ಸ್ ತಗೊಂಡಿದ್ದೀನಿ. ಶಾಸನ ಅಂದ್ರೆ ಇಷ್ಟ. ಎರಡಕ್ಕೂ ಏನಾದ್ರೂ ಸಂಬಂಧ ಇದ್ಯಾ, ಅಥವಾ ಇದು ಭಾನುವಾರದ ಹವ್ಯಾಸ ಅಷ್ಟೇನಾ?" ಅಂತ ಕೇಳಿದ. ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಕಾಫಿ ಕಡೆ ಹೋದೆ. ಮನೆಗೆ ಬರುವ ದಾರಿಯಲ್ಲಿ ನಾಚಿಕೆಯಾಯಿತು. ಯಾಕೆಂದರೆ ನನ್ನ ಹೊಟ್ಟೆಪಾಡೇ ಕ್ಯಾಮರಾ ಮತ್ತು ಬೆಳಕು. ಫ್ಯಾಕ್ಟರಿಗಳಲ್ಲಿ ಲೋಹದ ಬಿಡಿಭಾಗಗಳ ಮೇಲಿನ ಗೀರುಗಳನ್ನು ಯಂತ್ರ ತಾನಾಗಿಯೇ ಹುಡುಕುವಂತೆ ಮಾಡುವುದು ನನ್ನ ಕೆಲಸ. ಸವೆದ ಶಾಸನ ಓದುವುದೂ ಒಂದರ್ಥದಲ್ಲಿ ಅದೇ ಕೆಲಸ, ಇಲ್ಲಿ ಗೀರು ಸಾವಿರ ವರ್ಷ ಹಳೆಯದು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆರೆ ಏರಿಯ ಮೇಲೆ ಅರ್ಧ ಹೂತುಹೋದ ಒಂದು ದಾನಶಾಸನ. ವಿಜಯನಗರ ಕಾಲದ ಲಿಪಿ. ಮೇಲಿನ ತುದಿ ಒಡೆದು ರಾಜನ ಹೆಸರು ಹೋಗಿದೆ, ಆದರೆ ಶಕವರ್ಷ ಅಂಕಿಯಲ್ಲಿದೆ. ಸಂಜೆ, ಟಾರ್ಚು ಎಡಗಡೆ ಹಿಡಿದು ಓದಿದೆ: ೧೩೯೬. ಶಕ 1396 ಅಂದರೆ 78 ಕೂಡಿಸಿ ಕ್ರಿ.ಶ. 1474. ಅಂದರೆ ಎರಡನೆಯ ವಿರೂಪಾಕ್ಷನ ಕಾಲ. ಕೂತಲ್ಲೇ ಸಂವತ್ಸರ ಲೆಕ್ಕ ಹಾಕಿದೆ, ಜಯ ಸಂವತ್ಸರ ಬರಬೇಕು. ಮತ್ತೆ ಕಲ್ಲು ನೋಡಿದೆ. ಸವೆದ ಜಾಗದಲ್ಲಿ "ಜಯ" ಅಂತ ನಿಜವಾಗಿ ಕಾಣಿಸಿತು! ಖುಷಿಯಿಂದ ಸ್ನೇಹಿತರ ಗುಂಪಿಗೆ ಹಾಕಿದೆ. ಏಳೆಂಟು ತಿಂಗಳ ನಂತರ ಅದೇ ಕಲ್ಲನ್ನು ಬೇರೆ ವಿಧಾನದಲ್ಲಿ ಚಿತ್ರ ತೆಗೆದಾಗ (ಆ ವಿಧಾನ ಮುಂದೆ ಹೇಳುತ್ತೇನೆ) ನಾನು ಜಯ ಅಂದುಕೊಂಡ ಜಾಗದಲ್ಲಿ "ಕ್ತಾಕ್ಷಿ" ಅನ್ನುವ ಅಕ್ಷರಗಳು ಎದ್ದು ಬಂದವು. ರಕ್ತಾಕ್ಷಿ. ಶಕ 1366, ಅಂದರೆ ಕ್ರಿ.ಶ. 1444. ಮೂರನೆಯ ಅಂಕಿ ೯ ಅಲ್ಲ, ೬. ಈ ಎರಡು ಅಂಕಿಗಳಿಗೆ ಬಾಲದ ತಿರುವಿನಲ್ಲಷ್ಟೇ ವ್ಯತ್ಯಾಸ ಅನ್ನುವುದು ನಿಮಗೆಲ್ಲ ಗೊತ್ತು, ಆ ಬಾಲದ ಜಾಗದಲ್ಲಿ ಕಲ್ಲಿನದೇ ಒಂದು ಗುಳಿ ಇತ್ತು. ಮೂವತ್ತು ವರ್ಷ ತಪ್ಪು, ರಾಜನೂ ತಪ್ಪು. ಅದು ಎರಡನೆಯ ದೇವರಾಯನ ಕಾಲದ ಕಲ್ಲು.

ನನ್ನನ್ನು ಕಾಡಿದ್ದು ಅಂಕಿಯ ತಪ್ಪಲ್ಲ, ಲೆಕ್ಕ ಹಾಕಿದ ಮೇಲೆ "ಜಯ" ಕಣ್ಣಿಗೆ ಕಂಡಿತಲ್ಲ, ಅದು. ಒಂದೇ ದಿಕ್ಕಿನ ಬೆಳಕಿನಲ್ಲಿ ಮನಸ್ಸು ತನಗೆ ಬೇಕಾದ್ದನ್ನು ಓದುತ್ತದೆ.

ನೆರಳಿನ ಲೆಕ್ಕ

ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಬಣ್ಣದ ವ್ಯತ್ಯಾಸ ಇಲ್ಲ. ಕಾಗದದ ಮೇಲಿನ ಮಸಿಯ ಹಾಗಲ್ಲ. ನಾವು ಓದುವುದು ನೆರಳನ್ನು. ನೆರಳಿನ ಉದ್ದ ಎಷ್ಟು ಅನ್ನುವುದಕ್ಕೆ ಹೈಸ್ಕೂಲಿನ ತ್ರಿಕೋನಮಿತಿ ಸಾಕು: ಅಕ್ಷರದ ಆಳವನ್ನು ಬೆಳಕಿನ ಕೋನದ ಟ್ಯಾಂಜೆಂಟ್‌ನಿಂದ ಭಾಗಿಸಿದರೆ ಆಯಿತು. 1 ಮಿ.ಮೀ. ಆಳದ ಗೆರೆಗೆ ಕಲ್ಲಿನ ಮೇಲ್ಮೈಯಿಂದ 60 ಡಿಗ್ರಿಯಲ್ಲಿ ಬೆಳಕು ಬಿದ್ದರೆ ನೆರಳು ಸುಮಾರು 0.6 ಮಿ.ಮೀ. 30 ಡಿಗ್ರಿಗೆ 1.7 ಮಿ.ಮೀ. 10 ಡಿಗ್ರಿಗೆ 5.7 ಮಿ.ಮೀ. ಅಂದರೆ ಅದೇ ಗೆರೆ, ಅದೇ ಆಳ, ಆದರೆ ಬೆಳಕನ್ನು ಕಲ್ಲಿಗೆ ಒರಗಿಸಿದಷ್ಟೂ ಅಕ್ಷರ ಹತ್ತು ಪಟ್ಟು ಹಿಗ್ಗುತ್ತದೆ.

ಇದರಿಂದ ಒಂದು ವಿಚಿತ್ರ ಫಲಿತಾಂಶ ಬರುತ್ತದೆ. "ಬೆಳಗಿನ ಎಳೆಬಿಸಿಲಲ್ಲಿ ಶಾಸನ ಚೆನ್ನಾಗಿ ಕಾಣುತ್ತದೆ" ಅನ್ನುವ ಮಾತು ನೆಲದ ಮೇಲೆ ಮಲಗಿದ ಬಂಡೆಗೆ ಸರಿ. ಆದರೆ ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಸೂರ್ಯೋದಯವೇ ಅತ್ಯಂತ ಕೆಟ್ಟ ಹೊತ್ತು. ಬೆಳಕು ನೇರ ಮುಖಕ್ಕೆ ಹೊಡೆಯುತ್ತದೆ, ನೆರಳೇ ಇರುವುದಿಲ್ಲ, ಅಕ್ಷರ ಮಾಯ. ಅಂಥ ಕಲ್ಲಿಗೆ ಹನ್ನೊಂದು ಗಂಟೆ ದಾಟಿದ ಮೇಲೆ, ಸೂರ್ಯ ತಲೆಯ ಮೇಲೆ ಬಂದು ಬಿಸಿಲು ಮೇಲಿನಿಂದ ಕೆಳಕ್ಕೆ ಸವರಿಕೊಂಡು ಹೋಗುವ ಆ ಅರ್ಧ ಮುಕ್ಕಾಲು ಗಂಟೆ ಬಂಗಾರ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗಂತೂ ನಮ್ಮ ಕಡೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯ ತನಕ ಮಾತ್ರ ನೇರ ಬಿಸಿಲು. ಡಿಸೆಂಬರ್ ರಜೆಯಲ್ಲಿ ಹೋಗಿ "ಶಾಸನ ಪೂರ್ತಿ ಸವೆದಿದೆ" ಅಂತ ಬರೆದು ಬರುವವರಲ್ಲಿ ನಾನೂ ಒಬ್ಬನಾಗಿದ್ದೆ.

ಇನ್ನೊಂದು ತೊಡಕು. ಬೆಳಕು ಎಡದಿಂದ ಬಂದರೆ ಅದಕ್ಕೆ ಅಡ್ಡಲಾಗಿರುವ ಗೆರೆಗಳಿಗೆ, ಅಂದರೆ ಮೇಲಿಂದ ಕೆಳಗೆ ಎಳೆದ ಗೆರೆಗಳಿಗೆ, ನೆರಳು ಬೀಳುತ್ತದೆ. ಬೆಳಕಿನ ದಿಕ್ಕಿಗೇ ಸಮಾನಾಂತರವಾಗಿರುವ ತಲೆಕಟ್ಟಿಗೆ ನೆರಳಿಲ್ಲ. ಕನ್ನಡದ ಅಕ್ಷರವೋ ಸುತ್ತಿ ಸುತ್ತಿ ಬರೆಯುವಂಥದ್ದು. ಒಂದು ಕಡೆಯ ಬೆಳಕು ಯಾವತ್ತೂ ಅರ್ಧ ಅಕ್ಷರವನ್ನೇ ತೋರಿಸುವುದು. ಮೈದಾ ಹಿಟ್ಟು, ಸೀಮೆಸುಣ್ಣ ಹಚ್ಚಿ ಫೋಟೋ ತೆಗೆಯುವ ಅಭ್ಯಾಸ ಬಂದದ್ದೂ ಇದಕ್ಕೇ. ನಾನೂ ಹಚ್ಚಿದ್ದೇನೆ, ಈಗ ಬಿಟ್ಟಿದ್ದೇನೆ. ಹಿಟ್ಟು ಬೂಷ್ಟಿಗೆ ಊಟ. ಅದಕ್ಕಿಂತ ಮುಖ್ಯ, ಹಿಟ್ಟು ತುಂಬುವವನು ತಾನು ಓದಿದ್ದನ್ನೇ ತುಂಬುತ್ತಾನೆ. ಮುಂದೆ ನೋಡುವವನಿಗೆ ಕಲ್ಲು ಸಿಗುವುದಿಲ್ಲ, ನಮ್ಮ ಅಭಿಪ್ರಾಯ ಸಿಗುತ್ತದೆ. ಮಸಿ ಅಚ್ಚು ಇದಕ್ಕಿಂತ ಎಷ್ಟೋ ಪ್ರಾಮಾಣಿಕ. ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದು ಮಸಿ ಒತ್ತುವ ಆ ಕ್ರಮದಲ್ಲಿ ಕಲ್ಲೇ ತನ್ನ ಪ್ರತಿ ಕೊಡುತ್ತದೆ. ಆದರೆ ಕಾಗದ ಇಳಿಯದಷ್ಟು ಸವೆದ ಗೆರೆ ಅಲ್ಲಿ ಬರುವುದಿಲ್ಲ, ಪದರ ಏಳುತ್ತಿರುವ ಕಲ್ಲನ್ನು ಬಡಿಯುವಂತೆಯೂ ಇಲ್ಲ.

ಐವತ್ತು ಬೆಳಕು, ಒಂದು ಚಿತ್ರ

2001ರಲ್ಲಿ ಎಚ್.ಪಿ. ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಒಂದು ಸರಳ ಉಪಾಯ ಪ್ರಕಟಿಸಿದರು. ಕ್ಯಾಮರಾ ಅಲುಗಾಡಬಾರದು, ವಸ್ತು ಅಲುಗಾಡಬಾರದು, ಬೆಳಕು ಮಾತ್ರ ಜಾಗ ಬದಲಿಸಬೇಕು. ಹೀಗೆ ನಲವತ್ತು ಐವತ್ತು ಫೋಟೋ. ಆಮೇಲೆ ಚಿತ್ರದ ಪ್ರತಿಯೊಂದು ಬಿಂದುವಿಗೂ "ಬೆಳಕು ಈ ದಿಕ್ಕಿನಿಂದ ಬಂದರೆ ನಾನು ಇಷ್ಟು ಹೊಳೆಯುತ್ತೇನೆ" ಅನ್ನುವ ಆರು ಗುಣಾಂಕಗಳ ಒಂದು ಸಮೀಕರಣ ಹೊಂದಿಸುವುದು. ಮುಗಿಯಿತು. ಈಗ ಕಂಪ್ಯೂಟರಿನಲ್ಲಿ ಬೆಳಕನ್ನು ನಮಗೆ ಬೇಕಾದ ದಿಕ್ಕಿನಿಂದ, ನಾವು ಆ ರಾತ್ರಿ ನಿಲ್ಲದೇ ಇದ್ದ ದಿಕ್ಕಿನಿಂದ ಕೂಡ, ಬೀಳಿಸಬಹುದು. ಇದನ್ನು ಈಗ ಆರ್.ಟಿ.ಐ. ಅನ್ನುತ್ತಾರೆ, ಪ್ರತಿಫಲನ ಪರಿವರ್ತನ ಚಿತ್ರಣ. (ಮಾಹಿತಿ ಹಕ್ಕಿನ ಅರ್ಜಿ ಅಲ್ಲ! ಒಂದು ಗ್ರಾಮ ಪಂಚಾಯಿತಿಯಲ್ಲಿ "ಆರ್.ಟಿ.ಐ. ಮಾಡಬೇಕು" ಅಂತ ಹೇಳಿ ಪಟ್ಟ ಪಾಡು ಬೇರೆಯೇ ಕಥೆ.)

ಗ್ರೀಸಿನ ಸಮುದ್ರದಲ್ಲಿ ಸಿಕ್ಕ ಆಂಟಿಕಿಥೆರಾ ಯಂತ್ರದ ಹೆಸರು ಕೇಳಿರಬಹುದು. ಎರಡು ಸಾವಿರ ವರ್ಷ ಹಳೆಯ ಕಂಚಿನ ಹಲ್ಲುಗಾಲಿಗಳ ಗಡಿಯಾರದಂಥ ವಸ್ತು. 2005ರಲ್ಲಿ ಅದರ ಮೇಲ್ಮೈಯನ್ನು ಇದೇ ವಿಧಾನದಲ್ಲಿ, ಒಳಭಾಗವನ್ನು ಎಕ್ಸ್-ರೇ ಸಿ.ಟಿ.ಯಲ್ಲಿ ನೋಡಿದಾಗ ಅದುವರೆಗೆ ಯಾರೂ ಓದಿರದ ಗ್ರೀಕ್ ಅಕ್ಷರಗಳು ರಾಶಿ ರಾಶಿ ಸಿಕ್ಕವು. ಯಂತ್ರ ಏನು ಮಾಡುತ್ತಿತ್ತು ಅನ್ನುವ ತಿಳುವಳಿಕೆ ಬದಲಾದದ್ದು ಆ ಅಕ್ಷರಗಳಿಂದ.

ನನ್ನ ಸಲಕರಣೆ ಹೇಳಿದರೆ ನಗುತ್ತೀರಿ. ಒಂದು ಹಳೆಯ ಕ್ಯಾಮರಾ, ಭಾರದ ಟ್ರೈಪಾಡ್, ಕೈಯಲ್ಲಿ ಹಿಡಿಯುವ ಫ್ಲ್ಯಾಶ್, ಎರಡು ಕಪ್ಪು ಸ್ನೂಕರ್ ಚೆಂಡು ಮತ್ತು ಒಂದು ದಾರ. ಹೊಳೆಯುವ ಚೆಂಡನ್ನು ಕಲ್ಲಿನ ಪಕ್ಕ ಚೌಕಟ್ಟಿನೊಳಗೇ ಇಟ್ಟರೆ ಅದರ ಮೇಲಿನ ಬೆಳಕಿನ ಚುಕ್ಕೆ ನೋಡಿ ಫ್ಲ್ಯಾಶ್ ಯಾವ ದಿಕ್ಕಿನಲ್ಲಿತ್ತು ಅಂತ ತಂತ್ರಾಂಶ ಲೆಕ್ಕ ಹಾಕುತ್ತದೆ. ದಾರ ಯಾಕೆಂದರೆ ಪ್ರತಿ ಸಲ ಫ್ಲ್ಯಾಶಿನ ದೂರ ಒಂದೇ ಇರಬೇಕು. ಚಿತ್ರದ ಅಗಲದ ಮೂರು ನಾಲ್ಕು ಪಟ್ಟು ಇದ್ದರೆ ಒಳ್ಳೆಯದು. ಕ್ಲಿಕ್ಕಿಸುವ ಮೊದಲು ದಾರ ಪಕ್ಕಕ್ಕೆ ಸರಿಸಿ. ಸ್ಯಾನ್ ಫ್ರಾನ್ಸಿಸ್ಕೊದ ಕಲ್ಚರಲ್ ಹೆರಿಟೇಜ್ ಇಮೇಜಿಂಗ್ ಸಂಸ್ಥೆಯ ತಂತ್ರಾಂಶ ಉಚಿತ. ರಾತ್ರಿ ಮಾಡಬೇಕು, ಹಾಗಾಗಿ ಊರಿನವರಿಗೆ ಮೊದಲೇ ಹೇಳಿ. ಕತ್ತಲಲ್ಲಿ ಹಳೇ ಕಲ್ಲಿನ ಸುತ್ತ ದಾರ ಹಿಡಿದು ಓಡಾಡುವವರನ್ನು ಜನ ನಿಧಿಗಳ್ಳರು ಅಂತ ಅಂದುಕೊಳ್ಳುವುದು ಸಹಜ. ಹಾಗೆ ಅಂದುಕೊಳ್ಳುವ ಊರಿನಲ್ಲೇ ಕಲ್ಲುಗಳು ಉಳಿದಿರುವುದು ಕೂಡ. ನನ್ನ ರಕ್ತಾಕ್ಷಿ ಸಿಕ್ಕಿದ್ದು ಹೀಗೆ, ಐವತ್ತೆರಡು ಫೋಟೋಗಳಿಂದ.

ಇದರ ಹಿಂದಿನ ಭೌತಶಾಸ್ತ್ರ ಹಳೆಯದು. ಒರಟು ಮೇಲ್ಮೈಯ ಹೊಳಪು, ಬೆಳಕು ಬೀಳುವ ಕೋನದ ಕೊಸೈನಿಗೆ ತಕ್ಕಂತೆ ಇರುತ್ತದೆ ಅನ್ನುವ ಲ್ಯಾಂಬರ್ಟ್ ನಿಯಮ. ಹಾಗಿದ್ದ ಮೇಲೆ ಗೊತ್ತಿರುವ ಮೂರು ದಿಕ್ಕುಗಳ ಬೆಳಕಿನಲ್ಲಿ ಮೂರು ಫೋಟೋ ತೆಗೆದರೆ ಮೂರು ಸಮೀಕರಣ, ಅಜ್ಞಾತಗಳೂ ಮೂರೇ: ಕಲ್ಲಿನ ಬಿಳುಪು ಒಂದು, ಇಳಿಜಾರಿನ ದಿಕ್ಕು ಎರಡು. ಬಿಡಿಸಿದರೆ ಬಣ್ಣ ಬೇರೆ, ಆಕಾರ ಬೇರೆ ಆಗುತ್ತದೆ. 1980ರಲ್ಲಿ ರಾಬರ್ಟ್ ವುಡ್‌ಹ್ಯಾಮ್ ಇದನ್ನು ಕ್ರಮಬದ್ಧವಾಗಿ ಮಂಡಿಸಿದರು. ನಾವು ಫ್ಯಾಕ್ಟರಿಯಲ್ಲಿ ದಿನಾ ಬಳಸುವುದು ಇದನ್ನೇ. ಕಲ್ಲಿನ ಮೇಲೆ ಕಲ್ಲುಹೂವು, ಎಣ್ಣೆ ಕಲೆ, ಬಣ್ಣದ ಪಟ್ಟೆ ಇದ್ದಾಗ ಕಣ್ಣಿಗೆ ಆಗುವ ಗೊಂದಲ ಇಲ್ಲಿ ಬಹುಪಾಲು ಹೋಗುತ್ತದೆ, ಯಾಕೆಂದರೆ ಕಲೆಗೆ ಇಳಿಜಾರಿಲ್ಲ.

ಇಲ್ಲಿಯೇ ಫೋಟಾನಿಕ್ಸ್ ಓದುವವರಿಗೆ ಮೊದಲ ಕೆಲಸ ಇದೆ. ನಮ್ಮ ಗ್ರಾನೈಟು, ನೈಸುಗಳು ಲ್ಯಾಂಬರ್ಟ್ ಹೇಳಿದ ಹಾಗೆ ನಡೆದುಕೊಳ್ಳುವುದಿಲ್ಲ. ಅದರಲ್ಲಿ ಅಭ್ರಕದ ಹಾಳೆಗಳಿವೆ, ಕನ್ನಡಿಯ ಹಾಗೆ ಫಳ್ ಅನ್ನುತ್ತವೆ. ಬೆಣಚು ಅರೆಪಾರದರ್ಶಕ, ಬೆಳಕು ಒಳಗೆ ಹೋಗಿ ಪಕ್ಕದಲ್ಲೆಲ್ಲೋ ಹೊರಬರುತ್ತದೆ. ಅಕ್ಷರದ ಅಂಚಿನಷ್ಟೇ ದಪ್ಪದ ಹರಳುಗಳು ಬೇರೆ. ಅಮೃತಶಿಲೆಗೆ, ಲೋಹಕ್ಕೆ ಹೊಂದಿಸಿದ ಮಾದರಿಗಳನ್ನು ಬೆಂಗಳೂರಿನ ಮೂರು ಶತಕೋಟಿ ವರ್ಷದ ನೈಸ್ ಕಲ್ಲಿನ ಮೇಲೆ ಹಾಕಿದರೆ ಹರಳುಗಳೇ ಅಕ್ಷರದ ಹಾಗೆ ಕಾಣುತ್ತವೆ. ಧ್ರುವೀಕರಿಸಿದ ಬೆಳಕು ಬಳಸಿ ಕನ್ನಡಿ ಹೊಳಪನ್ನು ತೆಗೆಯಬಹುದು: ಫ್ಲ್ಯಾಶಿಗೊಂದು, ಲೆನ್ಸಿಗೊಂದು ಅಡ್ಡಲಾದ ಪೋಲರೈಸರ್. ನಾನು ಮಾಡಿದ್ದೇನೆ, ಅಭ್ರಕದ ಕಾಟ ತಗ್ಗುತ್ತದೆ, ಬೆಣಚಿನದು ಹೋಗುವುದಿಲ್ಲ. ನಮ್ಮ ಕಲ್ಲಿಗೆ ಸರಿಯಾದ ಬೆಳಕಿನ ಮಾದರಿ ಕಟ್ಟುವುದು ಒಂದು ಪಿಎಚ್.ಡಿ.ಗೆ ಸಾಕಾಗುವಷ್ಟು ಕೆಲಸ, ಮತ್ತು ಅದಕ್ಕೆ ಬೇಕಾದ ಕಲ್ಲು ಊರೂರಲ್ಲಿ ಬಿದ್ದಿದೆ.

ಮೂರು ಆಯಾಮದ ಸ್ಕ್ಯಾನಿಂಗ್ ಬಗ್ಗೆ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ, ಬಹಳ ಜನ ಬರೆದಿದ್ದಾರೆ. ಪಟ್ಟೆ ಪಟ್ಟೆ ಬೆಳಕನ್ನು ಕಲ್ಲಿನ ಮೇಲೆ ಬಿಟ್ಟು, ಪಟ್ಟೆ ಬಾಗುವುದನ್ನು ನೋಡಿ ಆಳ ಅಳೆಯುವ ಕ್ರಮ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರ ಮತ್ತು ಸುತ್ತಲಿನ ಶಾಸನಗಳನ್ನು ಹೀಗೆ ದಾಖಲಿಸುತ್ತಿದೆ. ರೈಸ್ ಸಾಹೇಬರು 1905ರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಕೊಟ್ಟಿದ್ದಾರೆ. ಆ ಪುಸ್ತಕ ಹಿಡಿದು ಊರು ಸುತ್ತಿದವರಿಗೆ ಗೊತ್ತು, ಎಷ್ಟು ಕಡೆ ಕಲ್ಲಿನ ಬದಲು ಅಪಾರ್ಟ್‌ಮೆಂಟಿನ ಗೇಟು ಸಿಗುತ್ತದೆ ಅಂತ. ಸ್ಕ್ಯಾನ್ ಆದ ಕಲ್ಲು ಕಳೆದರೂ ಓದು ಕಳೆಯುವುದಿಲ್ಲ. ಅಷ್ಟೇ ಅಲ್ಲ, ಹೀಗೆ ಸೇರಿದ ಆಳದ ಮಾಹಿತಿಯಿಂದ ಹಳಗನ್ನಡ ಲಿಪಿಯನ್ನು ಕಂಪ್ಯೂಟರಿಗೆ ಓದಲು ಕಲಿಸುವುದೂ ಸಾಧ್ಯ.

ಕಣ್ಣಿಗೆ ಕಾಣದ ಫೋಟಾನುಗಳು

ಇಲ್ಲಿಯ ತನಕ ಹೇಳಿದ್ದೆಲ್ಲ ಕಾಣುವ ಬೆಳಕು. ಅದರ ಒಂದೊಂದು ಫೋಟಾನಿನ ಶಕ್ತಿ ಸುಮಾರು 1.8ರಿಂದ 3.1 ಎಲೆಕ್ಟ್ರಾನ್ ವೋಲ್ಟ್. ಅದು ಮೇಲ್ಮೈಯ ಆಕಾರ ಹೇಳುತ್ತದೆ, ಆದರೆ ಮೇಲ್ಮೈಯೇ ಸವೆದು ಸಮತಟ್ಟಾಗಿದ್ದರೆ? ಆಗ ಆಕಾರ ಇಲ್ಲ. ಆದರೆ ಬೇರೆ ಏನಾದರೂ ಉಳಿದಿರಬಹುದು.

2005ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ತಂಡ ಇದೇ ಪ್ರಶ್ನೆ ಕೇಳಿತು. ರಾಬರ್ಟ್ ಥಾರ್ನ್ ಎಂಬ ಭೌತಶಾಸ್ತ್ರಜ್ಞರು ಮತ್ತು ಗ್ರೀಕ್, ಲ್ಯಾಟಿನ್ ಶಾಸನತಜ್ಞರು ಸೇರಿ ಸವೆದ ಅಮೃತಶಿಲೆಯ ಶಾಸನಗಳನ್ನು ಅಲ್ಲಿನ ಸಿಂಕ್ರೊಟ್ರಾನಿನ ಮುಂದೆ ಇಟ್ಟರು. ಸಿಂಕ್ರೊಟ್ರಾನ್ ಅಂದರೆ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರ ಓಡಿಸಿ ವೃತ್ತದಲ್ಲಿ ತಿರುಗಿಸುವ ಯಂತ್ರ, ತಿರುವಿನಲ್ಲಿ ಅವು ಅತ್ಯಂತ ತೀಕ್ಷ್ಣವಾದ ಎಕ್ಸ್-ಕಿರಣ ಚೆಲ್ಲುತ್ತವೆ. ಆ ಕಿರಣ ತಾಗಿದ ಪರಮಾಣು ಉತ್ತರವಾಗಿ ತನ್ನದೇ ಆದ ಶಕ್ತಿಯ ಫೋಟಾನ್ ಬಿಡುತ್ತದೆ. ಕಬ್ಬಿಣವಾದರೆ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್, ಸತುವಾದರೆ 8.6, ಸೀಸವಾದರೆ 10.5. ಕೈಬರಹದಷ್ಟೇ ಖಚಿತ ಗುರುತು. ಕಲ್ಲನ್ನು ಒಂದೊಂದೇ ಬಿಂದುವಾಗಿ ಸರಿಸಿ ಕಬ್ಬಿಣ ಎಲ್ಲೆಲ್ಲಿದೆ, ಸೀಸ ಎಲ್ಲೆಲ್ಲಿದೆ ಅಂತ ನಕ್ಷೆ ಹಾಕಿದರು. ನಕ್ಷೆಯಲ್ಲಿ ಅಕ್ಷರ ಬಂತು! ಕಬ್ಬಿಣದ ಉಳಿಯ ಗುರುತು ಮತ್ತು ಅಕ್ಷರಕ್ಕೆ ತುಂಬಿದ್ದ ಬಣ್ಣದ ಶೇಷ, ಕಣ್ಣಿಗೆ ಏನೂ ಕಾಣದ ಕಡೆಯಲ್ಲೂ ಕಲ್ಲಿನ ಮೇಲ್ಪದರದಲ್ಲಿ ಉಳಿದಿತ್ತು.

ಇದನ್ನು ಮೊದಲ ಸಲ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ. ಉಳಿ ಹೋಗಿ ಎರಡು ಸಾವಿರ ವರ್ಷ ಆದ ಮೇಲೂ ಅದರ ಪರಮಾಣು ಅಲ್ಲೇ ಇದೆ ಅಂದರೆ!

ಆದರೆ ಎಂಜಿನಿಯರನ ಬುದ್ಧಿ ಬೆಳಿಗ್ಗೆ ಎದ್ದು ಅಡ್ಡ ಪ್ರಶ್ನೆ ಹಾಕಿತು. ಅಮೃತಶಿಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ಬಿಳಿ ಗೋಡೆಯ ಮೇಲೆ ಕಪ್ಪು ಚುಕ್ಕೆ ಹುಡುಕಿದ ಹಾಗೆ. ನಮ್ಮ ಕಲ್ಲಿನ ಕಪ್ಪು ಅಭ್ರಕದಲ್ಲಿ, ಹಾರ್ನ್‌ಬ್ಲೆಂಡಿನಲ್ಲಿ ಕಬ್ಬಿಣ ಸೇರಿಕೊಂಡೇ ಇದೆ. ಹೊಯ್ಸಳರು ಬಳಸಿದ ಬಳಪದ ಕಲ್ಲಿನ ಕ್ಲೋರೈಟಿನಲ್ಲೂ ಇದೆ. ಇಲ್ಲಿ ಗೋಡೆಯೇ ಕಪ್ಪು. ಉಳಿಯ ಕಬ್ಬಿಣವನ್ನು ಕಲ್ಲಿನ ಕಬ್ಬಿಣದಿಂದ ಬೇರೆ ಮಾಡುವುದು ಹೇಗೆ? ಒಂದು ದಾರಿ, ಕಬ್ಬಿಣದ ಪರಮಾಣು ಯಾವ ರಾಸಾಯನಿಕ ಸ್ಥಿತಿಯಲ್ಲಿದೆ ಅಂತ ನೋಡುವುದು. ಖನಿಜದೊಳಗೆ ಬಂಧಿಯಾದ ಕಬ್ಬಿಣ ಮತ್ತು ತುಕ್ಕು ಹಿಡಿದ ಉಳಿಯ ಕಬ್ಬಿಣ ಎಕ್ಸ್-ಕಿರಣವನ್ನು ಹೀರುವ ಅಂಚು ಸ್ವಲ್ಪ ಬೇರೆ ಬೇರೆ. ಸಿಂಕ್ರೊಟ್ರಾನಿನಲ್ಲಿ ಆ ವ್ಯತ್ಯಾಸ ಅಳೆಯಬಹುದು. ಆದರೆ ಬಿಸಿಲು ಮಳೆಗೆ ಕಲ್ಲಿನ ಅಭ್ರಕವೂ ತುಕ್ಕಾಗುತ್ತದೆ, ಅದೇ ತೊಂದರೆ. ಇನ್ನೊಂದು ದಾರಿ, ಬಿಳಿ ಬೆಣಚಿನ ಹರಳುಗಳನ್ನಷ್ಟೇ ಆರಿಸಿ ಅವುಗಳ ಮೇಲಿನ ಕಬ್ಬಿಣ ನೋಡುವುದು. ಬೆಣಚಿನೊಳಗೆ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅಕ್ಷರದ ಗೆರೆ ನೂರು ಹರಳು ದಾಟಿದರೆ ಅದರಲ್ಲಿ ಮೂವತ್ತು ಬೆಣಚಾದರೂ ಇರುತ್ತದೆ, ಚುಕ್ಕೆ ಚುಕ್ಕೆ ಸೇರಿಸಿ ಗೆರೆ ಕಟ್ಟಬಹುದು. ಇದು ನನ್ನ ತರ್ಕ ಅಷ್ಟೇ, ಪ್ರಯೋಗ ಅಲ್ಲ.

ಪ್ರಯೋಗ ಮಾಡುವ ಜಾಗ ನಮ್ಮ ದೇಶದಲ್ಲೇ ಇದೆ. ಇಂದೋರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿ ಇಂಡಸ್-1, ಇಂಡಸ್-2 ಅನ್ನುವ ಎರಡು ಸಿಂಕ್ರೊಟ್ರಾನುಗಳಿವೆ. ಇಂಡಸ್-2ರ ಎಲೆಕ್ಟ್ರಾನುಗಳ ಶಕ್ತಿ 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್, ಅದರಲ್ಲಿ ಸೂಕ್ಷ್ಮ ಎಕ್ಸ್-ಕಿರಣ ಪ್ರತಿದೀಪ್ತಿಗೇ ಮೀಸಲಾದ ಒಂದು ಕಿರಣಮಾರ್ಗವೂ ಇದೆ. ವಿಶ್ವವಿದ್ಯಾಲಯದವರು ಪ್ರಸ್ತಾವ ಬರೆದು ಸಮಯ ಕೇಳಬಹುದು. (ರಾಜಾ ರಾಮಣ್ಣ ನಮ್ಮ ತುಮಕೂರಿನವರು, ಪಿಯಾನೊ ನುಡಿಸುತ್ತಿದ್ದವರು, ಶಾಸನದ ಕೋರಿಕೆ ಹೋದರೆ ಖುಷಿಪಡುತ್ತಿದ್ದರೇನೋ.) ಎರಡು ಟನ್ನಿನ ವೀರಗಲ್ಲನ್ನು ಇಂದೋರಿಗೆ ಸಾಗಿಸುವಂತಿಲ್ಲ ನಿಜ. ಮುರಿದು ಬಿದ್ದ ತುಂಡು, ವಸ್ತುಸಂಗ್ರಹಾಲಯದ ಸಣ್ಣ ಫಲಕ, ತಾಮ್ರಪಟ, ಇವು ಹೋಗಬಹುದು. ದೊಡ್ಡ ಕಲ್ಲಿನ ಹತ್ತಿರ ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಪ್ರತಿದೀಪ್ತಿ ಉಪಕರಣ ಒಯ್ಯಬಹುದು, ಆದರೆ ಅದು ಹವ್ಯಾಸಿಗಳ ಆಟಿಕೆ ಅಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ, ತರಬೇತಿ ಇರುವವರೇ ಬೇಕು.

ತಾಳೆಗರಿಯ ಕಡೆಗೂ ಒಂದು ಮಾತು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯಲ್ಲಿ ಸುಟ್ಟು ಇದ್ದಿಲಾದ ಹರ್ಕ್ಯುಲೇನಿಯಮ್ ಸುರುಳಿಗಳನ್ನು ಬಿಚ್ಚದೆಯೇ ಓದಲು ಬ್ರೆಂಟ್ ಸೀಲ್ಸ್ ಮತ್ತು ತಂಡ ಇಂಗ್ಲೆಂಡಿನ ಡೈಮಂಡ್ ಸಿಂಕ್ರೊಟ್ರಾನಿನಲ್ಲಿ ಎಕ್ಸ್-ಕಿರಣ ಸ್ಕ್ಯಾನ್ ಮಾಡಿದರು. 2023ರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಆ ಮಾಹಿತಿಯಿಂದ "ನೇರಳೆ" ಅನ್ನುವ ಅರ್ಥದ ಗ್ರೀಕ್ ಪದ ಓದಿದ. ಅಲ್ಲಿ ಕಷ್ಟ ಏನಿತ್ತೆಂದರೆ ಮಸಿಯೂ ಇಂಗಾಲ, ಸುಟ್ಟ ಹಾಳೆಯೂ ಇಂಗಾಲ. ನಮ್ಮ ಓಲೆಗರಿಯಲ್ಲಿ ಅಕ್ಷರವನ್ನು ಕಂಟದಿಂದ ಕೊರೆದು ಆಮೇಲೆ ಮಸಿ ಸವರುತ್ತಿದ್ದರು. ಅಂದರೆ ಮಸಿ ಹೋದರೂ ಕೊರೆದ ಗಾಯ ಇದೆ. ತೇವಕ್ಕೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾದ ಓಲೆಕಟ್ಟುಗಳನ್ನು ಬಿಡಿಸಲು ಹೋಗಿ ಪುಡಿ ಮಾಡಿದ್ದನ್ನು ನಾನು ನೋಡಿದ್ದೇನೆ. ಅವುಗಳ ಒಳಗನ್ನು ಹೀಗೆ ನೋಡುವ ಪ್ರಯತ್ನ ಯಾರಾದರೂ ಕೈಗೆತ್ತಿಕೊಳ್ಳಬೇಕು. ಬಿಡಿ ಗರಿಗಳಿಗಾದರೆ ಇಷ್ಟೆಲ್ಲ ಬೇಡ, ಅವಕೆಂಪು ಬೆಳಕೇ ಸಾಕು. ಹಳೆಯದಾಗಿ ಕಂದಿದ ಗರಿ ಅವಕೆಂಪಿನಲ್ಲಿ ತಿಳಿಯಾಗಿ ಕಾಣುತ್ತದೆ, ಇಂಗಾಲದ ಮಸಿ ಕಪ್ಪಾಗಿಯೇ ಉಳಿಯುತ್ತದೆ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಪ್ರತಿಯನ್ನು ಅಮೆರಿಕದ ರೊಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ತಂಡ ಈ ಬಗೆಯಲ್ಲಿ ಚಿತ್ರಿಸಿತು.

ಸುಣ್ಣ ಬಳಿದ ದೇವಸ್ಥಾನದ ಗೋಡೆಗಳಿಗೆ ಟೆರಾಹರ್ಟ್ಸ್ ಕಿರಣ ಅಂತ ಒಂದಿದೆ, ಒಣ ಸುಣ್ಣದ ಪದರವನ್ನು ದಾಟಿ ಒಳಗಿನ ಮೇಲ್ಮೈಯಿಂದ ಪ್ರತಿಧ್ವನಿ ತರುತ್ತದೆ. ಗೋಡೆ ಒಣಗಿರಬೇಕು, ನೀರು ಅದನ್ನು ನುಂಗಿಬಿಡುತ್ತದೆ. ಅಂದರೆ ಮಳೆಗಾಲದಲ್ಲಿ ಆಗದು.

ಕತ್ತಲೆ ಎಣಿಸುವುದು

ನನಗೆ ಎಲ್ಲಕ್ಕಿಂತ ಆಸೆ ಹುಟ್ಟಿಸಿರುವುದು ಓದುವ ವಿಧಾನ ಅಲ್ಲ, ಕಾಲ ಹೇಳುವ ವಿಧಾನ. ನಮ್ಮ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳಿಗೆ ತೇದಿಯಿಲ್ಲ, ಕೆಲವಕ್ಕೆ ಬರಹವೇ ಇಲ್ಲ. ಲಿಪಿ ನೋಡಿ, ಶಿಲ್ಪ ನೋಡಿ "ಸುಮಾರು ಹತ್ತನೆಯ ಶತಮಾನ" ಅನ್ನುತ್ತೇವೆ. ಆ "ಸುಮಾರು" ಅನ್ನುವುದು ಎಷ್ಟು ಅಗಲ ಅಂತ ನಮ್ಮನಮ್ಮಲ್ಲೇ ಜಗಳ.

ಮಣ್ಣಿನಲ್ಲಿರುವ ಬೆಣಚಿನ ಕಣ ಒಂದು ಗಡಿಯಾರ. ಸುತ್ತಲಿನ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಬಿಡುವ ವಿಕಿರಣಕ್ಕೆ ಸಿಕ್ಕಿ ಅದರ ಹರಳಿನ ಕುಂದುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಹಾಕಿಕೊಳ್ಳುತ್ತಾ ಹೋಗುತ್ತವೆ. ಬಿಸಿಲು ಬಿದ್ದರೆ ಕೆಲವೇ ನಿಮಿಷದಲ್ಲಿ ಎಲ್ಲ ಬಿಡುಗಡೆ, ಗಡಿಯಾರ ಸೊನ್ನೆ. ಮತ್ತೆ ಕತ್ತಲಾದರೆ ಮತ್ತೆ ಎಣಿಕೆ ಶುರು. ಪ್ರಯೋಗಾಲಯದಲ್ಲಿ ಆ ಕಣದ ಮೇಲೆ ನೀಲಿ ಬೆಳಕು ಬಿಟ್ಟರೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಹೊರಬಂದು ಮಂದವಾದ ನೇರಳಾತೀತ ಬೆಳಕು ಕೊಡುತ್ತವೆ, ಎಷ್ಟು ಮಂದ ಅಂದರೆ ಒಂದೊಂದೇ ಫೋಟಾನ್ ಎಣಿಸಬೇಕು. 1985ರಲ್ಲಿ ಡೇವಿಡ್ ಹಂಟ್ಲಿ ಮತ್ತು ಜೊತೆಗಾರರು ತೋರಿಸಿಕೊಟ್ಟ ಈ ವಿಧಾನಕ್ಕೆ ದ್ಯುತಿಪ್ರಚೋದಿತ ದೀಪ್ತಿ ಕಾಲಗಣನೆ ಅನ್ನಬಹುದು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಇದರಲ್ಲಿ ದಶಕಗಳಿಂದ ಹೆಸರಾದದ್ದು.

ಈಗ ವೀರಗಲ್ಲನ್ನು ನೆನಪಿಸಿಕೊಳ್ಳಿ. ಅದನ್ನು ನೆಟ್ಟ ದಿನ, ಗುಣಿ ತೋಡಿದ ಮಣ್ಣು ಬಿಸಿಲಿಗೆ ಬಿದ್ದಿತ್ತು. ಕಲ್ಲು ಇಳಿಸಿ ಮಣ್ಣು ಮುಚ್ಚಿದರು. ಕಲ್ಲಿನ ಬುಡದಡಿ ಇರುವ ಕಣ ಅವತ್ತಿನಿಂದ ಕತ್ತಲಲ್ಲಿದೆ! ಅದು ಎಣಿಸಿದ್ದು ಕಲ್ಲು ನಿಂತ ಕಾಲ. ಸಾವಿರ ವರ್ಷಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗ್ರೇ ವಿಕಿರಣ ಸೇರುತ್ತದೆ. ಅಳತೆಯ ತಪ್ಪು ನೂರಕ್ಕೆ ಐದರಿಂದ ಹತ್ತು, ಅಂದರೆ ಸಾವಿರ ವರ್ಷಕ್ಕೆ ಆಚೆ ಈಚೆ ಐವತ್ತು ನೂರು. ಲಿಪಿಯ ಆಧಾರದ ಊಹೆಯೂ ಹೆಚ್ಚು ಕಡಿಮೆ ಅಷ್ಟೇ ಅಗಲ, ಹಾಗಾದರೆ ಏನು ಲಾಭ ಅಂತ ಕೇಳಬಹುದು. ಲಾಭ ಇದೆ. ಇದು ಲಿಪಿಯನ್ನು ಅವಲಂಬಿಸಿಲ್ಲ. ಎರಡು ಸ್ವತಂತ್ರ ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದರ ತೂಕ ಬೇರೆ. ಬರಹವಿಲ್ಲದ ಕಲ್ಲಿಗಂತೂ ಇದೊಂದೇ ಸಾಕ್ಷಿ.

ತೊಡಕುಗಳೂ ಇವೆ. ಕಲ್ಲನ್ನು ನಡುವೆ ಯಾರಾದರೂ ಕಿತ್ತು ನೆಟ್ಟಿದ್ದರೆ ಗಡಿಯಾರ ಆ ದಿನಕ್ಕೆ ತಿರುಗುತ್ತದೆ (ಅದೂ ಒಂದು ಮಾಹಿತಿಯೇ). ಇರುವೆ, ಗೆದ್ದಲು ಮೇಲಿನ ಕಣವನ್ನು ಕೆಳಕ್ಕೆ ಒಯ್ಯುತ್ತವೆ. ಗುಣಿಯ ಮಣ್ಣೆಲ್ಲ ಬಿಸಿಲು ಕಂಡಿರುವುದಿಲ್ಲ. ಹಾಗಾಗಿ ಕಣ ಕಣ ಬೇರೆ ಮಾಡಿ ಅಳೆಯಬೇಕು. ಮೊದಲು ತೇದಿ ಖಚಿತವಿರುವ, ಮೂಲ ಜಾಗದಲ್ಲೇ ಇರುವ ಹತ್ತು ಕಲ್ಲುಗಳ ಬುಡದಲ್ಲಿ ಪರೀಕ್ಷಿಸಿ ವಿಧಾನ ಎಷ್ಟು ನಂಬಿಕಸ್ತ ಅಂತ ನೋಡಿ, ಆಮೇಲೆ ತೇದಿಯಿಲ್ಲದವಕ್ಕೆ ಹೋಗಬೇಕು. ಆ ಹತ್ತು ಕಲ್ಲು ಆರಿಸಿಕೊಡುವುದು ಭೌತಶಾಸ್ತ್ರಜ್ಞರಿಂದ ಆಗದು. ಅದು ನಮ್ಮ ಕೆಲಸ. ಮತ್ತೆ ದಯವಿಟ್ಟು ಇದನ್ನು ಓದಿ ಗುದ್ದಲಿ ಹಿಡಿದು ಹೊರಡಬೇಡಿ. ನೀವು ಅಗೆದ ಕ್ಷಣವೇ ಬೆಳಕು ಬಿದ್ದು ಸಾಕ್ಷಿ ನಾಶ. ಸಂರಕ್ಷಿತ ಸ್ಥಳವಾದರೆ ಕಾನೂನೂ ಇದೆ. ಇಲಾಖೆಯ ಅನುಮತಿ, ಕತ್ತಲಲ್ಲಿ ಬಡಿದು ಇಳಿಸುವ ಉಕ್ಕಿನ ಕೊಳವೆ, ಪ್ರಯೋಗಾಲಯದ ಜನ, ಇವು ಮೂರೂ ಇಲ್ಲದೆ ಮುಟ್ಟುವಂತಿಲ್ಲ.

ಆ ಹುಡುಗನಂಥವರು ಎಲ್ಲಿಂದ ಶುರು ಮಾಡಬೇಕು? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೆಳಕು ಮತ್ತು ದ್ರವ್ಯದ ಭೌತಶಾಸ್ತ್ರಕ್ಕೆ ಒಂದು ವಿಭಾಗವೇ ಇದೆ, ವಿದ್ಯಾರ್ಥಿಗಳಿಗೆ ಅಲ್ಪಾವಧಿಯ ಅವಕಾಶಗಳೂ ಇವೆ. ಮಣಿಪಾಲದಲ್ಲಿ ಪರಮಾಣು ಮತ್ತು ಅಣು ಭೌತಶಾಸ್ತ್ರ ವಿಭಾಗದವರು ರೋಹಿತ ವಿಜ್ಞಾನದಲ್ಲಿ ಕೆಲಸ ಮಾಡುತ್ತಾರೆ. ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಫೋಟಾನಿಕ್ಸಿಗೇ ಪ್ರತ್ಯೇಕ ಶಾಲೆ ಇದೆ. ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ವಿದ್ಯಾರ್ಥಿಗಳ ಜೊತೆ ಅಧ್ಯಾಪಕರೂ ಅರ್ಜಿ ಹಾಕಬಹುದು. ಇನ್ನೊಂದು ಕಡೆ ಮೈಸೂರಿನಲ್ಲಿ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಈ ಎರಡು ಗುಂಪಿನವರು ಒಂದೇ ಮೇಜಿನ ಸುತ್ತ ಕೂರುವುದು ಅಪರೂಪ. ಒಬ್ಬರಿಗೆ ಕಲ್ಲು ಬರೀ ಮಾದರಿ, ಇನ್ನೊಬ್ಬರಿಗೆ ಉಪಕರಣ ಬರೀ ಕ್ಯಾಮರಾ. ಅರ್ಜಿ ಬರೆಯುವವರು "ಶಾಸನಗಳ ಮೇಲೆ ಕೆಲಸ ಮಾಡುತ್ತೇನೆ" ಅಂತ ಬರೆದರೆ ಎಲ್ಲಿಯೂ ನಡೆಯುವುದಿಲ್ಲ. "ಒರಟಾದ, ಅರೆಪಾರದರ್ಶಕ ಹರಳುಗಳಿರುವ ಮೇಲ್ಮೈಯಲ್ಲಿ ಅರ್ಧ ಮಿ.ಮೀ.ಗಿಂತ ಕಡಿಮೆ ಆಳದ ಗೆರೆಯನ್ನು ಬೇರ್ಪಡಿಸುವುದು" ಅಂತ ಬರೆಯಿರಿ, ಕಿವಿ ನೆಟ್ಟಗಾಗುತ್ತದೆ. ಕಲ್ಲು ಅದೇ.

ಕಬ್ಬಿಣದ ಪ್ರಶ್ನೆಗೆ ನಾನೇ ಒಂದು ಸಣ್ಣ ತಯಾರಿ ಮಾಡಿಟ್ಟಿದ್ದೇನೆ. ಕ್ವಾರಿಯಿಂದ ತಂದ ಹೊಸ ನೈಸ್ ಕಲ್ಲಿನ ಒಂದು ಚಪ್ಪಡಿ. ಅದರ ಮೇಲೆ ಕಲ್ಲುಕುಟಿಗರೊಬ್ಬರ ಕೈಯಲ್ಲಿ ಮಾಮೂಲಿ ಉಕ್ಕಿನ ಉಳಿಯಿಂದ ನಾಲ್ಕು ಅಕ್ಷರ, ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಉಳಿಯಿಂದ ನಾಲ್ಕು ಅಕ್ಷರ ಕೊರೆಸಿದೆ. ಆಮೇಲೆ ಎಂಟನ್ನೂ ಕಣ್ಣಿಗೆ ಕಾಣದಷ್ಟು ಉಜ್ಜಿಸಿದೆ. ಟಂಗ್‌ಸ್ಟನ್ ನಮ್ಮ ಕಲ್ಲಿನಲ್ಲಿ ಇರುವುದು ತೀರಾ ಅತ್ಯಲ್ಪ, 8.4 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಅದು ಕಂಡರೆ ಉಳಿ ಗುರುತು ಬಿಟ್ಟಿದೆ ಎಂದಾಯಿತು. ಅಲ್ಲೂ ಕಾಣದಿದ್ದರೆ ಕಬ್ಬಿಣ ಹುಡುಕುವ ಮಾತೇ ಇಲ್ಲ. ಕುಟಿಗರು "ಕೊರೆಸಿ ಅಳಿಸೋಕೆ ದುಡ್ಡು ಕೊಡೋರನ್ನ ಇವತ್ತೇ ನೋಡಿದ್ದು" ಅಂದರು. ಯಾವ ಎಂಟು ಅಕ್ಷರ ಅಂತ ಒಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಅಂಟಿಸಿ ಅವರ ಹತ್ತಿರವೇ ಕೊಟ್ಟಿದ್ದೇನೆ, "ಜಯ" ಮತ್ತೆ ಕಾಣಿಸಬಾರದಲ್ಲ. ನಾನು ಬೇಕಂತಲೇ ಮರೆಯಲು ಪ್ರಯತ್ನಿಸುತ್ತಿದ್ದೇನೆ. ಚಪ್ಪಡಿ ನಮ್ಮ ಮನೆಯ ಟೆರೇಸಿನಲ್ಲಿ ತುಳಸಿ ಕುಂಡದ ಪಕ್ಕ ಇದೆ, ಎರಡು ಮಳೆಗಾಲ ನೋಡಿದೆ. ಆ ಹುಡುಗನ ವಿಭಾಗದಲ್ಲಿ ಕೈಯಲ್ಲಿ ಹಿಡಿಯುವ ಉಪಕರಣ ಒಂದಿದೆಯಂತೆ. ಮುಂದಿನ ತಿಂಗಳು ತರುತ್ತಾನೆ, ಜೊತೆಗೆ ಅದನ್ನು ನಡೆಸಲು ಪರವಾನಗಿ ಇರುವ ಅವನ ಮೇಷ್ಟ್ರೂ ಬರುತ್ತಾರೆ.